ಹೊಸ ಬಣ್ಣಕ್ಕೆ ಹಳೆಯ ವಯಸ್ಸು

(ಬಾನುಲಿ ಭಾಷಣ)

ಹಳೆಯದಕ್ಕೆ ಹೊಸ ಬಣ್ಣ ಹಚ್ಚುವುದು ನಮಗೆಲ್ಲ ಪರಿಚಿತವಾದ ಕೆಲಸ. ಹಬ್ಬಕ್ಕೆ ಮುನ್ನ ಮನೆಗೆ ಸುಣ್ಣ, ಜಾತ್ರೆಗೆ ಮುನ್ನ ತೇರಿಗೆ ಬಣ್ಣ, ಎಫ್.ಸಿ.ಗೆ ಮುನ್ನ ಲಾರಿಗೆ ಬಣ್ಣ. ಹೀಗೆ ವಸ್ತುಗಳ ವಯಸ್ಸನ್ನು ಮರೆಮಾಡುವುದರಲ್ಲಿ ನಾವು ನಿಸ್ಸೀಮರು. ಇದಕ್ಕೆ ತೀರ ವಿರುದ್ಧವಾದ ಕಸಬೊಂದು ಉಂಟು. ನಿನ್ನೆ ಬಳಿದ ಬಣ್ಣಕ್ಕೆ ಮೂವತ್ತು ನಲವತ್ತು ವರ್ಷಗಳ ಬಿಸಿಲು, ಮಳೆ, ಧೂಳುಗಳನ್ನು ನಾಲ್ಕಾರು ದಿನಗಳಲ್ಲಿ ದಯಪಾಲಿಸುವ ಕಸಬು ಅದು. ಹಳೆಯ ಲಾರಿಗಳ ಮೇಲೆ ಈ ಕೆಲಸ ಹೇಗೆ ನಡೆಯುತ್ತದೆ, ಅದು ನಂಬುವಂತಾಗುವುದು ಯಾವಾಗ, ಎಲ್ಲಿ ಅದನ್ನು ಮಾಡಬಾರದು ಎಂಬ ಮೂರು ವಿಚಾರಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಇಂಥ ಕೆಲಸ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಕಳೆದುಹೋದ ಕಾಲವನ್ನು ಕಣ್ಣಿಗೆ ತೋರಿಸಬೇಕಾದವರಿಗೆಲ್ಲ ಬೇಕು. 1980ರ ದಶಕದಲ್ಲಿ ಶಂಕರನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ, ಕಲಾನಿರ್ದೇಶಕ ಜಾನ್ ದೇವರಾಜ್ ಅವರು ಆ ಊರಿಗೆ ಹಿಂದಿನ ಕಾಲದ ವೇಷವನ್ನು ತೊಡಿಸಬೇಕಾಯಿತು. 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಿತ್ರದ ಕತೆಯೂ ಹಿಂದಿನ ದಶಕಗಳದೇ. ಇಂಥ ಕತೆಗಳ ಬೀದಿಗಳಲ್ಲಿ ಓಡಾಡಲು ಆಯಾ ಕಾಲದ ಲಾರಿಗಳು ಬೇಕು. ಅವು ಸಿಗುವುದು ಕಷ್ಟ. ಕಾರಿಗೆ ಷೆಡ್ಡಿನ ನೆರಳು ಸಿಕ್ಕೀತು, ಮಕ್ಕಳು ಮೊಮ್ಮಕ್ಕಳ ಅಭಿಮಾನ ಸಿಕ್ಕೀತು. ಲಾರಿ ದುಡಿಯುವ ಎತ್ತು. ದುಡಿಯುವಷ್ಟು ದಿನ ದುಡಿದು, ಕೊನೆಗೆ ಗುಜರಿಯವನ ಕೈಯಲ್ಲಿ ತೂಕದ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಉಳಿದ ಒಂದೆರಡು ಹಳೆಯ ಚಾಸಿಗಳ ಮೇಲೆ ಹೊಸ ಕ್ಯಾಬಿನ್ ಕಟ್ಟಿ, ಅದಕ್ಕೆ ವಯಸ್ಸನ್ನು ಬಳಿಯಬೇಕಾಗುತ್ತದೆ.

ಹವ್ಯಾಸಿ ನಾಟಕಗಳ ರಂಗಸಜ್ಜಿಕೆಯಲ್ಲಿ ಕೈಗೆ ಬಣ್ಣ ಮೆತ್ತಿಕೊಂಡವನು ನಾನು. ರಂಗದ ಮೇಲಿನ ಗೋಡೆಯನ್ನು ಹಳೆಯದಾಗಿ ಕಾಣಿಸುವುದು ಸುಲಭ; ದೀಪದ ಬೆಳಕು ಅರ್ಧ ಕೆಲಸ ಮಾಡಿಕೊಡುತ್ತದೆ. ಹಗಲು ಬೆಳಕಿನಲ್ಲಿ ನಿಲ್ಲುವ ಲಾರಿಗೆ ಆ ಉಪಕಾರವಿಲ್ಲ. ಈ ಕೆಲಸವನ್ನು ತಿಳಿಯಬೇಕೆಂದು ನಾನು ಹೋದದ್ದು ನೆಲಮಂಗಲಕ್ಕೆ. ಬೆಂಗಳೂರಿನಿಂದ ಹೊರಟ ರಸ್ತೆ ತುಮಕೂರಿನ ಕಡೆಗೊಂದು, ಹಾಸನ ಮಂಗಳೂರುಗಳ ಕಡೆಗೊಂದು ಎಂದು ಕವಲೊಡೆಯುವ ಈ ಊರಿನ ಆಸುಪಾಸಿನಲ್ಲಿ ಲಾರಿಗಳೂ, ಲಾರಿಗೆ ಟಿಂಕರಿಂಗ್ ಮಾಡಿ ಬಣ್ಣ ಹೊಡೆಯುವವರೂ ಇದ್ದಾರೆ. ಅಲ್ಲಿನ ಒಬ್ಬ ವಯಸ್ಸಾದ ಮೇಸ್ತ್ರಿಗಳು ನನ್ನ ಪ್ರಶ್ನೆಯನ್ನು ಕೇಳಿ ನಕ್ಕು ಹೇಳಿದ ಮಾತು ಇದು: “ಹಳೇದನ್ನ ಹೊಸದು ಮಾಡೋದಕ್ಕೆ ಬಣ್ಣ ಕೊಟ್ರೆ ಸಾಕು ಸ್ವಾಮಿ. ಹೊಸದನ್ನ ಹಳೇದು ಮಾಡ್ಬೇಕಾದ್ರೆ, ಆ ಗಾಡಿ ಏನು ಲೋಡು ಹೊಡೀತಿತ್ತು ಅಂತ ಮೊದಲು ಹೇಳಿ.” ಈ ವಿಷಯದಲ್ಲಿ ಹೇಳಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿದೆ. ಮುಂದಿನದು ಅದರ ವ್ಯಾಖ್ಯಾನ ಮಾತ್ರ.

ಮೊದಲು, ಬಣ್ಣಕ್ಕೆ ವಯಸ್ಸಾಗುವುದೆಂದರೇನು? ಬಣ್ಣವೆಂಬುದು ಎರಡು ಪದಾರ್ಥಗಳ ಸಂಸಾರ. ಒಂದು, ವರ್ಣವನ್ನು ಕೊಡುವ ಪುಡಿ. ಇನ್ನೊಂದು, ಆ ಪುಡಿಯನ್ನು ತಗಡಿಗೆ ಹಿಡಿದು ನಿಲ್ಲಿಸುವ ಅಂಟು. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಮೊದಲು ಕೈಹಾಕುವುದು ಈ ಅಂಟಿನ ಮೇಲೆ. ಅಂಟು ಸವೆದಂತೆ ಹೊಳಪು ಹೋಗುತ್ತದೆ. ಆಮೇಲೆ ಪುಡಿ ಸಡಿಲವಾಗಿ ಮೇಲೆ ನಿಲ್ಲುತ್ತದೆ. ಹಳೆಯ ವಾಹನವನ್ನು ಸವರಿದಾಗ ಬೆರಳಿಗೆ ಸೀಮೆಸುಣ್ಣದಂಥ ಪುಡಿ ಹತ್ತುವುದು ಇದರಿಂದ. ಬಿಸಿಲು ಎಲ್ಲ ಕಡೆ ಒಂದೇ ಸಮನಾಗಿ ಬೀಳುವುದಿಲ್ಲ. ಆಕಾಶಕ್ಕೆ ಮುಖ ಮಾಡಿದ ಮಾಡು ಮತ್ತು ಬಾನೆಟ್ಟು ಮೊದಲು ಮಾಸುತ್ತವೆ, ಬಾಗಿಲು ಆಮೇಲೆ, ಬಾಗಿಲನ್ನು ತೆರೆದರೆ ಒಳಸಂದಿಯಲ್ಲಿ ಮೊದಲ ದಿನದ ಬಣ್ಣ ಇನ್ನೂ ಇರುತ್ತದೆ.

ಎರಡನೆಯದು ನೀರು. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಕೂಡಿದಲ್ಲಿ ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದ್ದರಿಂದ ಅದು ಬಣ್ಣವನ್ನು ಒಳಗಿನಿಂದ ಎತ್ತಿ ಗುಳ್ಳೆಯಾಗಿಸಿ ಒಡೆಯುತ್ತದೆ. ಮಳೆ ಎಲ್ಲ ಕಡೆ ಬಿದ್ದರೂ ತುಕ್ಕು ಎಲ್ಲ ಕಡೆ ಹಿಡಿಯುವುದಿಲ್ಲ. ನೀರು ನಿಲ್ಲುವಲ್ಲಿ, ಎರಡು ತಗಡುಗಳು ಕೂಡುವ ಸಂದಿನಲ್ಲಿ, ಬೋಲ್ಟಿನ ತಲೆಯ ಸುತ್ತ, ಬಣ್ಣ ತೆಳುವಾಗಿ ಕೂರುವ ಅಂಚಿನಲ್ಲಿ ಹಿಡಿಯುತ್ತದೆ. ಅಲ್ಲಿಂದ ಹೊರಟ ಕಂದುಗೆರೆ ಯಾವಾಗಲೂ ಕೆಳಗೇ ಇಳಿಯುತ್ತದೆ. ಇದು ಹೇಳುವಷ್ಟು ದೊಡ್ಡ ಸಂಗತಿಯೇ ಎಂದೀರಿ; ಅಡ್ಡಡ್ಡ ತುಕ್ಕು ಬಳಿದ ಲಾರಿಗಳನ್ನು ನಾನು ಪರದೆಯ ಮೇಲೆ ನೋಡಿದ್ದೇನೆ.

ಮೂರನೆಯದು ಧೂಳು, ನಾಲ್ಕನೆಯದು ಮನುಷ್ಯನ ಕೈ. ಧೂಳು ಮ್ಲಾನಗೊಳಿಸುತ್ತದೆ, ಕೈ ಹೊಳೆಯಿಸುತ್ತದೆ. ಬಲಬಾಗಿಲ ಮೇಲಂಚು ಡ್ರೈವರನ ಮೊಣಕೈ ಊರಿ ಊರಿ ಬಣ್ಣ ಕಳೆದುಕೊಂಡು ನುಣುಪಾಗಿರುತ್ತದೆ. ಎಡಬಾಗಿಲಲ್ಲಿ ಸವೆಯುವುದು ಹೊರಮೈ. ಕ್ಲೀನರ್ ಹುಡುಗ ತಲೆ ಹೊರಹಾಕಿ ತಗಡನ್ನು ತಟ್ಟಿ ತಟ್ಟಿ ದಾರಿ ಹೇಳಿದ ಜಾಗ ಅದು. ಹತ್ತುವ ಮೆಟ್ಟಿಲ ನಡುಭಾಗ, ಹಿಡಿಕೆಯ ಕೆಳಭಾಗ, ಡೀಸೆಲ್ ಟ್ಯಾಂಕಿನ ಬಾಯಿ ಇವೆಲ್ಲ ಹೀಗೆಯೇ ತಮ್ಮ ತಮ್ಮ ಕತೆಯನ್ನು ಹೇಳುತ್ತವೆ.

ಇಷ್ಟು ಎಲ್ಲ ದೇಶದ ವಾಹನಗಳಿಗೂ ಸಮಾನವಾದದ್ದು. ನಮ್ಮ ಲಾರಿಯ ವಯಸ್ಸಿಗೆ ಇನ್ನೂ ಕೆಲವು ವಿಶೇಷಗಳಿವೆ; ನಂಬಿಕೆ ಹುಟ್ಟುವುದೂ ಕೆಡುವುದೂ ಅಲ್ಲಿಯೇ. ಪರದೇಶದ ಪತ್ರಿಕೆಗಳ ಚಿತ್ರಗಳಲ್ಲಿ ಹಳೆಯ ಲಾರಿಯೆಂದರೆ ಒಂದೇ ಮೂಲಬಣ್ಣ, ಅದು ಮಾಸಿ ಕಿತ್ತು, ಕೆಳಗಿನ ತಗಡು ಕೊಳೆತು ತೂತಾಗಿ ಹೋದದ್ದು. ಚಳಿಯ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುತ್ತಾರೆ; ಆ ಉಪ್ಪು ತಗಡನ್ನು ಕೆಳಗಿನಿಂದ ತಿನ್ನುತ್ತದೆ. ದೊಡ್ಡಬಳ್ಳಾಪುರದ ಲಾರಿಗೆ ಆ ರೋಗವೆಲ್ಲಿಂದ ಬರಬೇಕು? ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ, ಹದವಾದ ಮಳೆಯ, ಕಡಲಗಾಳಿ ತಾಗದ ಸೀಮೆ ಇದು. ಇಲ್ಲಿ ಬಣ್ಣ ಕೊಳೆಯುವುದಕ್ಕಿಂತ ಹೆಚ್ಚಾಗಿ ಒಣಗುತ್ತದೆ, ಕೆಮ್ಮಣ್ಣನ್ನು ಮೈಗೂಡಿಸಿಕೊಳ್ಳುತ್ತದೆ. ಮಂಗಳೂರಿನ ಕಡಲ ಬದಿಯಲ್ಲಿ ದುಡಿದ ಲಾರಿಯ ಮಾತು ಬೇರೆ. ಆ ಲಾರಿಯ ತುಕ್ಕನ್ನು ಈ ಲಾರಿಗೆ ಹಚ್ಚಿದರೆ, ಮೈಸೂರಿನವನ ಬಾಯಲ್ಲಿ ಕುಂದಾಪುರದ ಮಾತನ್ನಾಡಿಸಿದಂತೆ.

ಇನ್ನೊಂದು ವಿಶೇಷ ನಮ್ಮ ಲಾರಿಯ ಹುಟ್ಟಿನಲ್ಲಿದೆ. ಬಹುಕಾಲ ಕಾರ್ಖಾನೆಯವರು ನಮ್ಮಲ್ಲಿ ಮಾರುತ್ತಿದ್ದುದು ಎಂಜಿನ್ನು, ಚಾಸಿ, ಮುಂಭಾಗದ ಮುಖ ಇಷ್ಟನ್ನೇ. ಕ್ಯಾಬಿನ್ನನ್ನೂ ಹಿಂದಿನ ಹಲಗೆಗಳ ತೊಟ್ಟಿಯನ್ನೂ ಕಟ್ಟುತ್ತಿದ್ದವರು ಊರೂರಿನ ಬಡಗಿ ಮತ್ತು ಟಿಂಕರುಗಳು: ಮರದ ಚೌಕಟ್ಟು, ಅದರ ಮೇಲೆ ತಗಡು. ಆದ್ದರಿಂದ ನಮ್ಮ ಲಾರಿಯಲ್ಲಿ ಕಬ್ಬಿಣದ ಜೊತೆಗೆ ಮರಕ್ಕೂ ವಯಸ್ಸಾಗಬೇಕು. ಬಣ್ಣ ಹೋದ ಹಲಗೆ ಬಿಸಿಲಿಗೆ ಕಪ್ಪಾಗುವುದಿಲ್ಲ, ಬೂದಿಬಣ್ಣಕ್ಕೆ ತಿರುಗುತ್ತದೆ. ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತುವನ್ನು ಬೆಳಕು ಮುರಿಯುತ್ತದೆ, ಮಳೆ ತೊಳೆದೊಯ್ಯುತ್ತದೆ, ಬರಿಯ ನಾರು ಬೆಳ್ಳಿಯಂತೆ ಉಳಿಯುತ್ತದೆ. ಹೊಸ ಹಲಗೆಗೆ ಕಂದು ವಾರ್ನಿಷ್ ಬಳಿದು ಹಳೆಯದೆನ್ನುವವರಿಗೆ ಇದು ತಿಳಿಯದು.

ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮ ಲಾರಿಗೆ ಮತ್ತೆ ಮತ್ತೆ ಬಣ್ಣ ಬೀಳುತ್ತದೆ. ಎಫ್.ಸಿ.ಗಾಗಿ ಬಳಿದದ್ದು, ಮಾಲೀಕ ಬದಲಾದಾಗ ಬಳಿದದ್ದು, ಮಗಳ ಮದುವೆಯ ವರ್ಷ ಸಂತೋಷಕ್ಕೆ ಬಳಿದದ್ದು. ಹೀಗೆ ಪದರದ ಮೇಲೆ ಪದರ ಸೇರಿ ಅಂಚುಗಳು ಮೊಂಡಾಗುತ್ತವೆ, ಸ್ಕ್ರೂಗಳ ಗೀಟು ಮುಚ್ಚಿಹೋಗುತ್ತದೆ. ಹಣೆಯ ಮೇಲೆ ಈಗ ಆಂಜನೇಯಸ್ವಾಮಿ ಪ್ರಸನ್ನನಾಗಿದ್ದರೆ, ಓರೆಬೆಳಕಿನಲ್ಲಿ ನೋಡಿದಾಗ ಅದರಡಿಯಲ್ಲಿ ಹಿಂದಿನ ಮಾಲೀಕನ ಮನೆದೇವರ ಹೆಸರು ಉಬ್ಬಿ ಕಾಣುತ್ತದೆ. ಹಳೆಯ ಶಾಸನವನ್ನು ಒರೆಸಿ ಅದೇ ಕಲ್ಲಿನ ಮೇಲೆ ಇನ್ನೊಂದನ್ನು ಕೆತ್ತಿದಂತೆ. ನಮ್ಮ ಲಾರಿಯ ವಯಸ್ಸನ್ನು ಎಣಿಸುವುದು ಮಾಸಿದ ಬಣ್ಣದಿಂದಲ್ಲ, ಬಣ್ಣಗಳ ಪದರದಿಂದ.

ಈಗ ಕೆಲಸದ ಕ್ರಮಕ್ಕೆ ಬರೋಣ. ಮೊದಲು ತಗಡಿಗೆ ರೆಡ್ ಆಕ್ಸೈಡ್ ಪ್ರೈಮರ್. ಅದು ಒಣಗಿದ ಮೇಲೆ ಆ ಲಾರಿಯ ‘ಪೂರ್ವಜನ್ಮ’ದ ಬಣ್ಣಗಳನ್ನು ಒಂದರ ಮೇಲೊಂದು ಹೊಡೆಯಬೇಕು, ಕಡೆಯದು ಕಣ್ಣಿಗೆ ಕಾಣಬೇಕಾದ ಬಣ್ಣ. ಹಿಂದಿನ ಹೆಸರನ್ನು ನಡುವಿನ ಪದರದಲ್ಲಿ ಬ್ರಷ್ಷಿನಿಂದ ದಪ್ಪವಾಗಿ ಬರೆದು, ಅದರ ಮೇಲೆ ಮುಂದಿನ ಬಣ್ಣ ಹೊಡೆದರೆ ಅಕ್ಷರಗಳು ತಾವಾಗಿಯೇ ಉಬ್ಬಿ ನಿಲ್ಲುತ್ತವೆ. ಬಣ್ಣ ಚಕ್ಕೆಯೆದ್ದಂತೆ ಕಾಣಬೇಕಾದ ಕಡೆ ಒಂದು ಸರಳ ಉಪಾಯವಿದೆ. ಒಳಪದರ ಪೂರ್ತಿ ಒಣಗಿದ ಮೇಲೆ ನೀರು ಚಿಮುಕಿಸಿ, ಹರಳುಪ್ಪನ್ನು ಉದುರಿಸುವುದು. ನೀರು ಆರಿದಾಗ ಉಪ್ಪು ಅಂಟಿಕೊಳ್ಳುತ್ತದೆ. ಅದರ ಮೇಲೆ ಹೊರಬಣ್ಣವನ್ನು ಸ್ಪ್ರೇ ಮಾಡಿ, ಒಣಗಿದ ಮೇಲೆ ಉಜ್ಜಿ ತೊಳೆದರೆ ಉಪ್ಪಿದ್ದಲ್ಲೆಲ್ಲ ಒಳಪದರ ಇಣುಕುತ್ತದೆ. ಮನುಷ್ಯನ ಕೈ ಎಷ್ಟು ಪ್ರಯತ್ನಪಟ್ಟರೂ ಚುಕ್ಕೆಗಳನ್ನು ಸಮನಾಗಿ ಹಂಚಿಬಿಡುತ್ತದೆ. ಉಪ್ಪಿನ ಹರಳಿಗೆ ಆ ಶಿಸ್ತಿಲ್ಲ, ಅದೇ ಅದರ ಗುಣ.

ಅನಂತರ ಉಪ್ಪುಕಾಗದ. ಮೊಣಕೈ ಊರುವಲ್ಲಿ, ಹಗ್ಗ ಉಜ್ಜುವಲ್ಲಿ, ಕಾಲಿಡುವಲ್ಲಿ ಮಾತ್ರ ಒಂದೊಂದೇ ಪದರವನ್ನು ತೆರೆಯುತ್ತ ಹೋಗಬೇಕು. ಇಲ್ಲೊಂದು ಎಚ್ಚರಿಕೆಯ ಮಾತು. ನಿಜವಾಗಿಯೂ ಹಳೆಯದಾದ ತಗಡಿನ ಮೇಲೆ ಸೀಸದ ಬಣ್ಣಗಳಿರುವ ಸಂಭವವುಂಟು. ಕೆಂಪುಸೀಸ ಅಂದರೆ ಸಿಂಧೂರ, ಹಾಗೂ ಕ್ರೋಮ್ ಹಳದಿ ಎರಡೂ ಸೀಸದ ಸಂಯುಕ್ತಗಳೇ. ಅವುಗಳ ಪುಡಿ ಉಸಿರಿನಲ್ಲಿ ಸೇರುವುದು ಅಪಾಯ. ಒಣಗಿದ್ದನ್ನು ತಿಕ್ಕದೆ ನೀರು ಹಾಕಿ ತಿಕ್ಕಬೇಕು, ಮುಖವಾಡ ಧರಿಸಬೇಕು, ಮಕ್ಕಳನ್ನು ದೂರವಿಡಬೇಕು.

ತುಕ್ಕನ್ನು ಎರಡು ಬಗೆಯಲ್ಲಿ ತರಬಹುದು. ಮೊದಲನೆಯದು ನಿಜವಾದ ತುಕ್ಕು. ಎಂಟು ಭಾಗ ಔಷಧದ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿಗೆ ಒಂದು ಭಾಗ ವಿನಿಗರ್, ಚೂರು ಉಪ್ಪು ಸೇರಿಸಿ ಬರಿಯ ಕಬ್ಬಿಣಕ್ಕೆ ಚಿಮುಕಿಸಿದರೆ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಈ ಮಿಶ್ರಣವನ್ನು ಮುಚ್ಚಿದ ಸೀಸೆಯಲ್ಲಿಡಬಾರದು, ಅನಿಲ ಸೇರಿ ಒಡೆದೀತು. ಕೈಗವಸೂ ಕನ್ನಡಕವೂ ಇಲ್ಲದೆ ಮುಟ್ಟಬಾರದು. ಉಪ್ಪಿನ ಅಂಶ ಉಳಿದರೆ ಅದು ಕಬ್ಬಿಣವನ್ನು ತಿನ್ನುತ್ತಲೇ ಇರುವುದರಿಂದ, ಬಿಡಿ ತಗಡಿಗಷ್ಟೇ ಇದು ಲೇಸು. ಲಾರಿಯ ಮೈಗೆ ಸಲ್ಲದು. ಎರಡನೆಯದು ಬಣ್ಣದ ತುಕ್ಕು: ನಡುವೆ ಗಾಢ ಕಂದು, ಅಂಚಿನಲ್ಲಿ ಮಾತ್ರ ಹೊಸ ತುಕ್ಕಿನ ಕಿತ್ತಳೆ. ತೆಳುಮಾಡಿದ ಎಣ್ಣೆಬಣ್ಣದ ಚುಕ್ಕೆಯನ್ನು ಬೋಲ್ಟಿನ ಕೆಳಗಿಟ್ಟು, ಟರ್ಪೆಂಟೈನಿನಲ್ಲಿ ನೆನೆದ ಬ್ರಷ್ಷಿನಿಂದ ಕೆಳಗೆ ಎಳೆದರೆ ಮಳೆಗೆರೆ ಮೂಡುತ್ತದೆ.

ಬಿಸಿಲಿಗೆ ಮಾಸಿದಂತೆ ಮಾಡಲು ಮಾಡು ಮತ್ತು ಬಾನೆಟ್ಟಿನ ಮೇಲೆ ಅದೇ ಬಣ್ಣದ ಬಿಳಿಚಿದ, ಹೊಳಪಿಲ್ಲದ ತೆಳುಪದರ. ಧೂಳಿಗೆ ಸಿನಿಮಾದವರು ಮುಲ್ತಾನಿ ಮಿಟ್ಟಿಯನ್ನು ಬಳಸುವುದುಂಟು. ಲಾರಿ ಈ ಸೀಮೆಯದಾದರೆ ಈ ಸೀಮೆಯ ಕೆಮ್ಮಣ್ಣನ್ನೇ ಬಟ್ಟೆಯಲ್ಲಿ ಸೋಸಿ, ಹೊಳಪಿಲ್ಲದ ವಾರ್ನಿಷಿನಲ್ಲಿ ಕಲಸಿ, ಚಕ್ರದ ಹಿಂಬದಿಗೆ, ಹಲಗೆಗಳ ಸಂದಿಗೆ ಕೊಡುವುದು ಮೇಲು. ಎಣ್ಣೆ ಒಸರುವಲ್ಲಿ ಅದೇ ಮಣ್ಣು ಕಪ್ಪಾಗಿ ಗಟ್ಟಿಯಾಗಿರಬೇಕು.

ಇಷ್ಟೆಲ್ಲ ಮಾಡಿದರೂ ಮೇಸ್ತ್ರಿಗಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಏನು ಲೋಡು? ದೇವನಹಳ್ಳಿ ತಾಲ್ಲೂಕಿನ ಕೊಯಿರದಲ್ಲಿ ಕಲ್ಲು ತುಂಬಿದ ಲಾರಿಗೆ ಹಿಂಬದಿಯ ಹಲಗೆ ಜಜ್ಜಿರಬೇಕು, ಸಂದಿಗಳಲ್ಲಿ ಬಿಳಿಯ ಪುಡಿಯಿರಬೇಕು. ಹೊಸಕೋಟೆಯ ಮೇಲೆ ಮಾಲೂರಿನ ಇಟ್ಟಿಗೆ ಹೊತ್ತದ್ದಕ್ಕೆ ಒಳಮೈಯೆಲ್ಲ ಕೆಂಪು. ದೊಡ್ಡಬಳ್ಳಾಪುರದ ಮಗ್ಗಗಳ ಸೀರೆಯ ಗಂಟುಗಳನ್ನು ಒಯ್ದದ್ದಕ್ಕೆ ತೊಟ್ಟಿಯಲ್ಲಿ ಗಾಯಗಳೇ ಕಡಮೆ. ಟಾರ್ಪಾಲಿನ ಹಗ್ಗ ಬಿಗಿದ ಅಂಚುಗಳಲ್ಲಿ ಮಾತ್ರ ಸವೆತ. ಹಾಲಿನ ಕ್ಯಾನುಗಳನ್ನು ಹೊತ್ತದ್ದಕ್ಕೆ ನೆಲದ ತುಂಬ ದುಂಡನೆಯ ಗೀರುಗಳು. ಇವೆಲ್ಲಕ್ಕೂ ಸಾಮಾನ್ಯವಾದದ್ದು ಆಯುಧಪೂಜೆಯ ಗುರುತು: ಮುಖದ ಮೇಲೆ ವಿಭೂತಿ ಕುಂಕುಮಗಳ ಕಲೆ, ಬಾಳೆಕಂದು ಕಟ್ಟಿದ ತಂತಿಯ ಉಜ್ಜು, ಹಾರಕ್ಕೆಂದು ಹೊಡೆದ ಮೊಳೆ. ಆದರೆ ಅರಿಸಿನದ ಹಳದಿ ಬಿಸಿಲಿಗೆ ಬಲು ಬೇಗ ಹಾರುತ್ತದೆ. ಬೇಸಗೆಯ ಕತೆಯಲ್ಲಿ ಬರುವ ಲಾರಿಗೆ ನವರಾತ್ರಿಯ ಅರಿಸಿನ ಕಣ್ಣು ಕುಕ್ಕುತ್ತಿದ್ದರೆ ನೋಡುವವನಿಗೆ, ಕಾರಣ ಹೇಳಲಾಗದಿದ್ದರೂ, ಏನೋ ತಪ್ಪಿದೆಯೆನಿಸುತ್ತದೆ.

ಸುಳ್ಳು ವಯಸ್ಸು ಸಿಕ್ಕಿಬೀಳುವುದು ಇಂಥ ಕಡೆಗಳಲ್ಲಿಯೇ. ಸಾಹಿತ್ಯಾಸಕ್ತರಾದ ನಿಮಗೆ ಕೂಟಶಾಸನಗಳ ವಿಚಾರ ತಿಳಿದಿರಬಹುದು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದ್ದೂ, ರೈಸ್ ಅವರು ಅದನ್ನು ಎದುರಿಸಿದ್ದೂ ನಮ್ಮ ಶಾಸನಶಾಸ್ತ್ರದ ಪ್ರಸಿದ್ಧ ವಿವಾದ. ತಾಮ್ರಕ್ಕೆ ಕಿಲುಬು ಹಿಡಿಸುವುದು ಯಾರಿಗೂ ಅಸಾಧ್ಯವಲ್ಲ. ವಾದ ನಡೆದದ್ದು ಕಿಲುಬಿನ ಮೇಲಲ್ಲ. ಲಿಪಿ ಆ ಶತಮಾನದ್ದೇ, ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂಬುದರ ಮೇಲೆ.

ಲಾರಿಗೂ ಲಿಪಿ ತಿಥಿಗಳುಂಟು. ಟೆಲ್ಕೊ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ 1954ರಲ್ಲಿ ಮಾಡಿಕೊಂಡ ಒಪ್ಪಂದ 1969ರಲ್ಲಿ ಮುಗಿಯಿತು. ಆಮೇಲಿನ ಟಾಟಾ ಲಾರಿಯ ಮುಖದ ಮೇಲೆ ಮೂರು ಮೊನೆಯ ನಕ್ಷತ್ರವಿಲ್ಲ, ‘ಟಿ’ ಅಕ್ಷರವಿದೆ. ಬಾಗಿಲ ಮೇಲಿನ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಹಿಂದಿನದಾಗದು. ‘ಕರ್ನಾಟಕ’ ಎಂದು ಬರೆದಿದ್ದರೆ 1973ರ ರಾಜ್ಯೋತ್ಸವ ಕಳೆದಿರಬೇಕು. ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದಿದ್ದರೆ 1986 ಆಗಿರಬೇಕು. ಕೆ.ಎ. ಎಂದು ಶುರುವಾಗುವ ನಂಬರು ಬಂದದ್ದು 1989ರ ಸುಮಾರಿಗೆ. 1965ರ ಕತೆಯಲ್ಲಿ, ಅತಿ ಸೊಗಸಾಗಿ ತುಕ್ಕು ಹಿಡಿದ ಲಾರಿಗೆ ನೆಲಮಂಗಲದ ಕೆ.ಎ. 52 ನಂಬರಿದ್ದರೆ, ಬಣ್ಣದವನ ಪರಿಶ್ರಮವೆಲ್ಲ ನೀರುಪಾಲು.

ಹಾಗಾದರೆ ಇದು ವಂಚನೆಯ ವಿದ್ಯೆಯೇ? ರಂಗದ ಮೇಲಿನ ಮುದುಕ ನಿಜವಾಗಿ ಮುದುಕನಲ್ಲವೆಂದು ಪ್ರೇಕ್ಷಕನಿಗೆ ಗೊತ್ತು, ಅಲ್ಲಿ ಮೋಸವಿಲ್ಲ. ಅದೇ ಬಣ್ಣವನ್ನು ಹಚ್ಚಿ, ‘ಮೂಲ ಬಣ್ಣ, ಯಾರೂ ಮುಟ್ಟಿಲ್ಲ’ ಎಂದು ಹೇಳಿ ಮಾರಿದರೆ ಅದು ಕೂಟಶಾಸನ. ಈ ಎರಡರ ನಡುವಿನ ಗೆರೆ ಸ್ಪಷ್ಟವಾಗಿದೆ. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಮೂರನೆಯ ಸಂದರ್ಭ: ನಿಜವಾದ ಹಳೆಯ ಲಾರಿಯೊಂದು ಸಿಕ್ಕಾಗ ನಾವು ಅದನ್ನು ಏನು ಮಾಡುತ್ತೇವೆ ಎಂಬುದು. ಒಂದೋ ಎಲ್ಲ ಪದರಗಳನ್ನೂ ಕೆರೆದು ಕನ್ನಡಿಯಂಥ ಹೊಸ ಬಣ್ಣ ಹೊಡೆಯುತ್ತೇವೆ. ಇಲ್ಲವೇ, ಅದರ ಸ್ವಂತ ವಯಸ್ಸು ಸಾಲದೆಂದು ಮೇಲೆ ಇನ್ನಷ್ಟು ಸುಳ್ಳು ತುಕ್ಕು ಬಳಿಯುತ್ತೇವೆ. ಜೀರ್ಣೋದ್ಧಾರವೆಂಬ ದೊಡ್ಡ ಮಾತು ನಮ್ಮಲ್ಲಿದೆ. ಹಳೆಯ ಗುಡಿಯ ಕಲ್ಲುಕಂಬಕ್ಕೆ ಎನಾಮೆಲ್ ಬಳಿದು ಅದನ್ನೇ ಉದ್ಧಾರವೆನ್ನುವುದನ್ನು ನೋಡಿದ್ದೇವೆ. ಅಲ್ಲಿ ಉದ್ಧಾರವಾದದ್ದು ಯಾವುದು? ಜೀರ್ಣವಾದದ್ದಂತೂ ಅಳಿಯಿತು.

ಸ್ಮಾರಕಗಳ ರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಇದಕ್ಕೊಂದು ವಿವೇಕದ ಸೂತ್ರವನ್ನು ಕೊಟ್ಟಿದೆ: ಇಲ್ಲದ ಭಾಗವನ್ನು ತುಂಬುವಾಗ ಅದು ಒಟ್ಟಿನೊಂದಿಗೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತೆಯೂ ಇರಬೇಕು. ಹಳೆಯ ವಾಹನಗಳಿಗಾಗಿ 2013ರಲ್ಲಿ ಬಂದ ಟ್ಯೂರಿನ್ ಸನ್ನದಿನ ದಾರಿಯೂ ಇದೇ. ಹೊಸದಾಗಿ ಜೋಡಿಸಿದ ಬಾಗಿಲೊಂದು ಹಳೆಯ ಕ್ಯಾಬಿನ್ನಿನಲ್ಲಿ ಕಣ್ಣಿಗೆ ಹೊಡೆಯದಂತೆ ವಯಸ್ಸಿನ ಬಣ್ಣ ಕೊಡುವುದು ಸರಿ. ಬಾಗಿಲ ಒಳಮೈಯಲ್ಲಿ ಕೆಲಸ ಮಾಡಿದ ವರ್ಷವನ್ನು ಬರೆದಿಡುವುದು ಇನ್ನೂ ಸರಿ. ನಿಜವಾದ ಪದರದ ಮೇಲೆ ಕೈಹಾಕುವುದು ಮಾತ್ರ ಸಲ್ಲದು.

ನಮ್ಮ ಕಾನೂನಿನ ಕಣ್ಣಿಗೂ ಲಾರಿ ಬಿದ್ದಂತಿಲ್ಲ. ಐವತ್ತು ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳನ್ನು ಪ್ರತ್ಯೇಕವಾಗಿ ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಅದು ದ್ವಿಚಕ್ರ ವಾಹನಗಳನ್ನೂ ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನಗಳನ್ನೂ ಕುರಿತದ್ದು. ಬಾಡಿಗೆಗೆ ದುಡಿದ ಲಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದಲ್ಲ. ಮೆರೆದದ್ದಕ್ಕೆ ಮನ್ನಣೆ, ದುಡಿದದ್ದಕ್ಕೆ ಗುಜರಿ. ಹಳೆಯ ಲಾರಿಗಳೆಲ್ಲ ಹೋದ ಮೇಲೆ ಸುಳ್ಳು ವಯಸ್ಸನ್ನು ಬಳಿಯುವವನಿಗೂ ನೋಡಿ ಕಲಿಯಲು ಮೂಲಪ್ರತಿ ಇರುವುದಿಲ್ಲ. ಒಂದು ಸಿನಿಮಾದ ಲಾರಿಯನ್ನು ನೋಡಿ ಇನ್ನೊಂದು ಸಿನಿಮಾದವನು ನಕಲು ಮಾಡುತ್ತಾನೆ. ನಕಲಿನ ನಕಲಿನಲ್ಲಿ ಮೊಣಕೈಯ ಸವೆತ ಎಡಬಾಗಿಲಿಗೆ ಬಂದರೂ ಆಕ್ಷೇಪಿಸುವವರಿರುವುದಿಲ್ಲ.

ಹೀಗಾಗಿ ಈ ಕಸಬನ್ನು ನಾನು ಗೌರವಿಸುವುದು ಅದರ ಕೈಚಳಕಕ್ಕಲ್ಲ. ಸುಳ್ಳನ್ನು ನಂಬಿಸಬೇಕಾದರೆ ನಿಜವನ್ನು ಎಷ್ಟು ಹತ್ತಿರದಿಂದ ಓದಬೇಕೆಂಬುದನ್ನು ಅದು ಕಲಿಸುತ್ತದೆ. ಪ್ರತಿಯೊಂದು ಗೀರಿನ ಹಿಂದೆ ಒಂದು ಲೋಡು, ಪ್ರತಿಯೊಂದು ನುಣುಪಿನ ಹಿಂದೆ ಒಬ್ಬ ಮನುಷ್ಯ. ಇನ್ನು ಮುಂದೆ ರಸ್ತೆಬದಿಯಲ್ಲಿ, ಹೊಂಗೆಯ ಮರದಡಿ, ಗಾಳಿಯಿಲ್ಲದ ಚಕ್ರಗಳ ಮೇಲೆ ನಿಂತ ಹಳೆಯ ಲಾರಿಯೊಂದು ಕಂಡರೆ ಎರಡು ನಿಮಿಷ ನಿಂತು ಓದಿ. ಅದರ ಮಾಲೀಕರು ಪರಿಚಿತರಾದರೆ, ಬಣ್ಣ ಹೊಡೆಸುವ ಮುನ್ನ ನಾಲ್ಕು ದಿಕ್ಕಿನಿಂದಲೂ ಒಂದೊಂದು ಫೋಟೋ ತೆಗೆದಿಟ್ಟುಕೊಳ್ಳುವಂತೆ ಹೇಳಿ. ಬಾಗಿಲ ಒಳಮೈಯಲ್ಲಿ ಅಂಗೈಯಗಲದ ಜಾಗವನ್ನಾದರೂ ಮುಟ್ಟದೆ ಬಿಡುವಂತೆ ಕೇಳಿಕೊಳ್ಳಿ. ಅಷ್ಟು ಅಗಲದಲ್ಲಿ ಆ ಲಾರಿಯ ಬಣ್ಣಗಳೆಲ್ಲ ಪದರಪದರವಾಗಿ ಉಳಿದಿರುತ್ತವೆ.